ಧಾರಾವಾಹಿಯ ಬರಹಗಾರನನ್ನು ಬಿಡಿಸಬೇಕೆ?



ಕಲಬುರಗಿಯ ಕೋಟೆಯ ಸುತ್ತಲಿನ ಓಣಿಗಳಲ್ಲಾಗಲಿ, ಕಮಲಾಪುರದ ಮನೆಗಳಲ್ಲಾಗಲಿ, ದೀಪ ಹಚ್ಚುವ ಹೊತ್ತಿಗೆ ಇಂದು ಎರಡು ಬೆಳಕುಗಳು ಕಾಣುತ್ತವೆ. ಒಂದು ದೇವರ ಜಗಲಿಯ ದೀಪ, ಇನ್ನೊಂದು ಟಿ.ವಿ. ಪರದೆಯ ಬೆಳಕು. ಇಷ್ಟಲಿಂಗ ಪೂಜೆಯ ಸಮಯವೂ ಧಾರಾವಾಹಿಯ ಸಮಯವೂ ಒಂದೇ ಆಗಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ನೋಡುತ್ತಿರುವ ಕಥೆ ದಾರಿ ತಪ್ಪಿದಾಗ ನಮ್ಮ ತಾಯಂದಿರು ಬೇಸತ್ತು ಆಡುವ ಮಾತು ಒಂದೇ: "ಇದು ಬರ್ಯಾವನಿಗಿ ಮೊದಲ ತೆಗೀಬೇಕ್ರಿ." ಈ ತೀರ್ಪು ನ್ಯಾಯವೇ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ. ಒಬ್ಬನ ಅನ್ನದ ಪ್ರಶ್ನೆಯೂ ನಮ್ಮ ಮಕ್ಕಳ ಸಂಸ್ಕಾರದ ಪ್ರಶ್ನೆಯೂ ಇದರಲ್ಲಿ ಕೂಡಿಕೊಂಡಿವೆ.

ನಮ್ಮ ಸೀಮೆಗೆ ಟಿ.ವಿ. ಬಂದದ್ದು ಗುರುವಿನ ರೂಪದಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಶಿಕ್ಷಣ ನೀಡುವ ಪ್ರಯೋಗವೊಂದು ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಊರ ಜನರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಬೇಸಾಯ, ಆರೋಗ್ಯ, ಶಾಲೆಯ ಪಾಠಗಳನ್ನು ನೋಡಿದರು. ಕಥೆಗಳ ಕಾಲ ಬಂದದ್ದು ಆಮೇಲೆ.

1984ರಲ್ಲಿ ದೆಹಲಿ ದೂರದರ್ಶನದಿಂದ 'ಹಮ್ ಲೋಗ್' ಆರಂಭವಾಯಿತು. ಬರೆದವರು ಮನೋಹರ ಶ್ಯಾಮ ಜೋಶಿ. ಮೊದಮೊದಲು ಕುಟುಂಬ ಯೋಜನೆಯ ಉಪದೇಶವೇ ಹೆಚ್ಚಾಗಿ ಜನ ಬೇಸರಪಟ್ಟರು. ಹದಿಮೂರು ಕಂತುಗಳಾದ ಮೇಲೆ ಕಥೆಯ ದಾರಿಯನ್ನು ತಿದ್ದಲಾಯಿತು. ಉಪದೇಶ ಹಿಂದೆ ಸರಿಯಿತು, ಮನೆಯ ಮಂದಿಯ ಕಷ್ಟಸುಖ ಮುಂದೆ ಬಂದಿತು. ನೋಡುಗರಿಂದ ಲಕ್ಷಾಂತರ ಪತ್ರಗಳು ಬಂದವು. ತಿದ್ದಿ ಬರೆದವರು ಅದೇ ಜೋಶಿಯವರು. ಅವರನ್ನು ಆಗಲೇ ಬಿಡಿಸಿದ್ದರೆ ಆ ಧಾರಾವಾಹಿಯನ್ನು ಇಂದು ಯಾರೂ ನೆನೆಯುತ್ತಿರಲಿಲ್ಲವೇನೋ.

ಇದಕ್ಕೆ ವ್ಯತಿರಿಕ್ತವಾದ ಸಂಗತಿಯೂ ಉಂಟು. ಅಮೆರಿಕದಲ್ಲಿ ಇಂಥ ಧಾರಾವಾಹಿಗಳಿಗೆ ಹಣ ಹಾಕುತ್ತಿದ್ದವರು ಸಾಬೂನಿನ ಕಂಪನಿಗಳು. 'ಸೋಪ್ ಒಪೆರಾ' ಎಂಬ ಹೆಸರು ಬಂದದ್ದೇ ಅದರಿಂದ. ಅಲ್ಲಿ ಇರ್ನಾ ಫಿಲಿಪ್ಸ್ ಎಂಬ ಲೇಖಕಿ 1956ರಲ್ಲಿ 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಎಂಬ ಕಥೆಯನ್ನು ಹುಟ್ಟುಹಾಕಿದರು. 1973ರಲ್ಲಿ, ಕಥೆಯ ಬೆಳವಣಿಗೆ ನೋಡುಗರಿಗೆ ಒಪ್ಪಿಗೆಯಾಗದಿದ್ದಾಗ, ಹೆತ್ತ ತಾಯಿಯನ್ನೇ ಆ ಮನೆಯಿಂದ ಹೊರಗೆ ಕಳುಹಿಸಿದರು. ಆಕೆ ಅದೇ ವರ್ಷ ತೀರಿಕೊಂಡರು. ಆ ಧಾರಾವಾಹಿ ಮಾತ್ರ 2010ರವರೆಗೆ ನಡೆಯಿತು. ಲೇಖಣಿ ಹಿಡಿದವರು ಬೇರೆ, ಲೇಖಣಿಯ ಒಡೆಯರು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಕನ್ನಡದಲ್ಲಿಯೂ ಸ್ಥಿತಿ ಇದೇ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು ಆಗಿರುವುದುಂಟು. ವಾರಕ್ಕೆ ಐದಾರು ಕಂತು ತುಂಬಬೇಕು. ವಾರಕ್ಕೊಮ್ಮೆ ಬರುವ ಟಿ.ಆರ್.ಪಿ. ಅಂಕಿಯನ್ನು ನೋಡಿ ವಾಹಿನಿಯವರು ಕಥೆಯನ್ನು ಎಳೆಯುತ್ತಾರೆ, ತಿರುಗಿಸುತ್ತಾರೆ, ಇಲ್ಲವೆ ನಿಲ್ಲಿಸುತ್ತಾರೆ. 'ಮಾಯಾಮೃಗ'ದಿಂದ ಮನೆಮಾತಾದ ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' 2018ರಲ್ಲಿ ಆರಂಭವಾಗಿ, ಕೊರೋನಾದ ವರ್ಷವಾದ 2020ರಲ್ಲಿ, ಹೇಳಬೇಕಾದ ಕಥೆ ಇನ್ನೂ ಉಳಿದಿರುವಾಗಲೇ ನಿಂತಿತು. ಇನ್ನೊಂದು ಕಡೆ, 2012ರಲ್ಲಿ ಆರಂಭವಾದ 'ಪುಟ್ಟಗೌರಿ ಮದುವೆ' ಬಾಲ್ಯವಿವಾಹದ ಸಂಕಟವನ್ನು ಹೇಳಲು ಹೊರಟದ್ದು. ನಮ್ಮ ಜಿಲ್ಲೆಯ ತಾಯಂದಿರಿಗೆ ಆ ಸಂಕಟ ಹೊಸದಲ್ಲ. ಆದರೆ 2019ರವರೆಗೆ ಅದು ಬೆಳೆಯುತ್ತ ಹೋಗಿ, ಕಾಡಿನಲ್ಲಿ ಗೌರಿಯ ಸಾಹಸಗಳು ನಾಡಿನ ನಗೆಗೆ ಗುರಿಯಾದವು. ಒಂದು ಕಥೆಗೆ ಮುಗಿಯುವಷ್ಟು ಅವಕಾಶ ಸಿಗಲಿಲ್ಲ, ಇನ್ನೊಂದಕ್ಕೆ ಮುಗಿಯಲು ಬಿಡಲಿಲ್ಲ. ಎರಡರಲ್ಲಿಯೂ ಬರೆದವರೊಬ್ಬರನ್ನೇ ದೂರಿ ಫಲವೇನು?

ನಮ್ಮಲ್ಲಿಯೂ ಒಂದು ಹಳೆಯ ಧಾರಾವಾಹಿಯುಂಟು. ಅದು ಶ್ರಾವಣದ ಪುರಾಣ. ಶಾಸ್ತ್ರಿಗಳು ದಿನಕ್ಕೊಂದು ಭಾಗವನ್ನು ಹೇಳುತ್ತಾರೆ, ಗವಾಯಿಗಳು ಹಾಡುತ್ತಾರೆ, ನಾಳೆ ಏನಾಗುವುದೋ ಎಂದು ಕೇಳಿದವರು ಮಾತಾಡಿಕೊಳ್ಳುತ್ತ ಮನೆಗೆ ಹೋಗುತ್ತಾರೆ. ಆದರೆ ಪುರಾಣದ ಮಂಗಲ ಯಾವ ದಿನ ಎಂಬುದು ಆರಂಭದ ದಿನವೇ ಗೊತ್ತಿರುತ್ತದೆ. ಜನ ಹೆಚ್ಚು ಸೇರುತ್ತಿದ್ದಾರೆಂದು ಶರಣರ ಚರಿತ್ರೆಗೆ ಇಲ್ಲದ ಅತ್ತೆಯನ್ನೋ ವಿಷದ ಬಟ್ಟಲನ್ನೋ ಯಾವ ಶಾಸ್ತ್ರಿಗಳೂ ಸೇರಿಸುವುದಿಲ್ಲ. ಮಂಗಲವಾದ ಮೇಲೆ ಪ್ರಸಾದ, ಅಲ್ಲಿಗೆ ಕಥೆ ಪೂರ್ಣ. ಗಿರೀಶ ಕಾಸರವಳ್ಳಿಯವರು ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಧಾರಾವಾಹಿಯಾಗಿಸಿದಾಗ ಅದಕ್ಕೂ ಇಂಥ ಒಂದು ಎಲ್ಲೆ ಇತ್ತು. ಕಾದಂಬರಿ ಮುಗಿದಲ್ಲಿ ಕಥೆಯೂ ಮುಗಿಯಲೇಬೇಕಿತ್ತು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗ ನಮಗೆಲ್ಲ ಬಾಯಿಪಾಠ. ಅವರು ನಮ್ಮ ನೆರೆಯ ರಾಯಚೂರು ಸೀಮೆಯಿಂದ ಕಲ್ಯಾಣಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ತಾಯಿ ಹಿಂದಕ್ಕೆ ಕಳುಹಿಸಿದರು. ಪತಿಯ ಕಾಯಕವನ್ನು ಆಕೆ ಬಿಡಿಸಲಿಲ್ಲ. ಅದರ ಅಳತೆಯನ್ನು ಸರಿಪಡಿಸಿದರು. ಧಾರಾವಾಹಿಯ ಬರಹಗಾರನಿಗೂ ನಾವು ಮಾಡಬೇಕಾದ ನ್ಯಾಯ ಇದೇ. ಬೇಕಾದದ್ದಕ್ಕಿಂತ ಹೆಚ್ಚಾದ ಕಂತುಗಳೆಲ್ಲ ಆ ಹೆಚ್ಚಿನ ಅಕ್ಕಿಯಂತೆ.

ಹಾಗೆಂದು ಬರೆಯುವವನು ಪೂರ್ತಿ ನಿರ್ದೋಷಿಯೆಂದು ನಾವು ಹೇಳುತ್ತಿಲ್ಲ. ಸೊಸೆಗೆ ವಿಷವಿಕ್ಕುವುದು, ಹೆಣ್ಣೇ ಹೆಣ್ಣಿಗೆ ಹಗೆಯಾಗುವುದು, ಕೆನ್ನೆಗೆ ಹೊಡೆಯುವುದನ್ನೇ ಮೂರು ಸಲ ತೋರಿಸುವುದು, ಇವನ್ನು ಬರೆದು "ವಾಹಿನಿಯವರು ಹೇಳಿದರು" ಎಂದು ಕೈತೊಳೆದುಕೊಂಡರೆ ಅದು ಕೂಲಿಯಾದೀತು, ಕಾಯಕವಾಗದು. ಸತ್ಯಶುದ್ಧವಾಗಿರುವುದೇ ಕಾಯಕದ ಲಕ್ಷಣ. ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟು: ಬರಹಗಾರ ಉಳಿಯಲಿ. ಕಥೆ ಯಾವಾಗ ಮುಗಿಯಬೇಕೆಂದು ಹೇಳುವ ಅಧಿಕಾರ ಅವನಿಗೆ ಇರಲಿ. ಆ ಅಧಿಕಾರ ದೊರೆತ ಮೇಲೆಯೂ ಕೊಳಕನ್ನೇ ಬರೆದನಾದರೆ, ಆಗ ಅವನನ್ನು ಬಿಡಿಸಿರೆಂದು ಕೇಳಲು ನಮಗೆ ಹಕ್ಕುಂಟು.

ಈ ಅಂಕಿಯ ಆಟದಲ್ಲಿ ನಮ್ಮ ಪಾಲೂ ಇದೆ. ಬೈಯುತ್ತ ಬೈಯುತ್ತಲೇ ನೋಡಿದರೂ ಟಿ.ಆರ್.ಪಿ.ಯ ಲೆಕ್ಕದಲ್ಲಿ ಅದು ಮೆಚ್ಚುಗೆಯೇ ಸರಿ. ಕಥೆ ಕೆಟ್ಟಿತೆಂದು ತಿಳಿದ ದಿನ ಪೆಟ್ಟಿಗೆಯನ್ನು ಆರಿಸಿ, ಮಕ್ಕಳನ್ನು ಕೂಡಿಸಿಕೊಂಡು ಲಿಂಗಪೂಜೆಗೆ ಕುಳಿತುಕೊಳ್ಳುವುದು ಯಾವ ಟೀಕೆಗಿಂತಲೂ ಬಲವಾದ ಉತ್ತರ. ಅಸಭ್ಯವಾದದ್ದನ್ನು ಕಂಡರೆ ದೂರು ಕೊಡಲು, ಪ್ರಸಾರಕರೇ 2011ರಲ್ಲಿ ನಿವೃತ್ತ ನ್ಯಾಯಾಧೀಶರ ನೇತೃತ್ವದಲ್ಲಿ ರಚಿಸಿಕೊಂಡ ದೂರು ಮಂಡಳಿಯುಂಟು. ಒಳ್ಳೆಯ ಕಂತು ಬಂದ ದಿನ ವಾಹಿನಿಗೆ ನಾಲ್ಕು ಸಾಲಿನ ಮೆಚ್ಚುಗೆಯನ್ನು ಬರೆದು ಕಳುಹಿಸುವುದೂ ನಮ್ಮ ಕರ್ತವ್ಯವೇ.

ಕಮಲಾಪುರದ ಕೆಂಪು ಬಾಳೆಯ ತೋಟಗಳನ್ನು ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಬಾಳೆ ಒಂದೇ ಗೊನೆ ಕೊಡುತ್ತದೆ. ಗೊನೆ ಬಂದ ಮೇಲೆ ಆ ಗಿಡವನ್ನು ಕಡಿದು, ಪಕ್ಕದಲ್ಲಿ ಎದ್ದ ಮರಿಗೆ ದಾರಿ ಬಿಡುತ್ತಾರೆ. ಗೊನೆ ಕೊಟ್ಟ ಗಿಡವನ್ನು ಹಾಗೆಯೇ ನಿಲ್ಲಿಸಿಕೊಂಡು, ಇನ್ನೊಂದು ಗೊನೆ ಬರಲಿಲ್ಲವೆಂದು ತೋಟಿಗನನ್ನು ಓಡಿಸುವವರು ಯಾರೂ ಇಲ್ಲ. ಕಥೆಗಳ ವಿಷಯದಲ್ಲಿಯೂ ನಮಗೆ ಅಷ್ಟು ವಿವೇಕ ಬರಲಿ.