ಆರನೆಯ ‘ಪಿಪ್’

ಲಂಡನ್ನಿನ ಬಿಬಿಸಿ ರೇಡಿಯೋದಲ್ಲಿ ಗಂಟೆ ತುಂಬುವ ಹೊತ್ತಿಗೆ ಆರು ಬಾರಿ ‘ಪಿಪ್’ ಸದ್ದು ಕೇಳಿಬರುತ್ತದೆ. ಮೊದಲಿನ ಐದು ಗಿಡ್ಡ, ಆರನೆಯದು ಉದ್ದ. ಆ ಉದ್ದನೆಯ ಸದ್ದು ಹೊರಟ ಕ್ಷಣವೇ ಸರಿಯಾದ ಗಂಟೆ. 1924ರ ಫೆಬ್ರವರಿ 5ರಂದು ಈ ಪದ್ಧತಿ ಶುರುವಾದಾಗ ಸಂಕೇತ ಬರುತ್ತಿದ್ದುದು ಗ್ರೀನಿಚ್ ವೀಕ್ಷಣಾಲಯದ ಗಡಿಯಾರದಿಂದ. 1990ರಿಂದ ಬಿಬಿಸಿಯೇ ಅದನ್ನು ಸಿದ್ಧಪಡಿಸುತ್ತಿದೆ.

ಈಗ ಪ್ರಸಾರ ಕೇಂದ್ರಗಳಲ್ಲಿ ಹಾಡು, ಜಾಹೀರಾತು ಎಲ್ಲವೂ ಕಂಪ್ಯೂಟರುಗಳಿಂದಲೇ ಹೊರಡುತ್ತವೆ. ಅವುಗಳಲ್ಲೊಂದರ ಗಡಿಯಾರ ಎರಡು ಸೆಕೆಂಡು ಹಿಂದೆ ಬಿದ್ದರೂ ಸಾಕು, ಜಾಹೀರಾತು ಮುಗಿಯುವಷ್ಟರಲ್ಲಿ ವಾರ್ತೆ ಓದುವವರ ಮೊದಲ ಮಾತು ನುಂಗಿಹೋದೀತು. ಆದ್ದರಿಂದ ಪ್ರತಿ ಕಂಪ್ಯೂಟರೂ ಆಗಾಗ ಜಾಲದ ಮೂಲಕ ಮುಖ್ಯ ಗಡಿಯಾರವನ್ನು ‘ಗಂಟೆ ಎಷ್ಟು?’ ಎಂದು ಕೇಳುತ್ತದೆ. ಆದರೆ ಉತ್ತರ ತಲಪುವಷ್ಟರಲ್ಲಿ ಅದು ಹಳತಾಗಿರುತ್ತದಲ್ಲ! ಪ್ರಶ್ನೆ ಹೋಗಿ ಉತ್ತರ ಬರಲು 8 ಮಿಲಿಸೆಕೆಂಡು ಹಿಡಿದರೆ, ಬಂದ ಸಮಯಕ್ಕೆ ಅದರ ಅರ್ಧ, ಅಂದರೆ 4 ಮಿಲಿಸೆಕೆಂಡು, ಕೂಡಿಸಿಕೊಳ್ಳುತ್ತದೆ. ಅಮೆರಿಕದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದ ‘ಎನ್‌ಟಿಪಿ’ ವಿಧಾನದ ಹುರುಳು ಇದೇ. ಹೋಗುವ ದಾರಿ ಖಾಲಿಯಿದ್ದು ಬರುವ ದಾರಿ ಕಿಕ್ಕಿರಿದಿದ್ದರೆ ಲೆಕ್ಕ ತಪ್ಪುತ್ತದೆ.

ತಮಾಷೆಯೆಂದರೆ, ಇಷ್ಟೆಲ್ಲ ಮಾಡಿದರೂ ಡಿಜಿಟಲ್ ರೇಡಿಯೋದಲ್ಲಿ ‘ಪಿಪ್’ ತಡವಾಗಿಯೇ ಕೇಳಿಸುತ್ತದೆ. ಧ್ವನಿಯನ್ನು ಅಂಕಿಗಳಾಗಿಸಿ ಮತ್ತೆ ಬಿಡಿಸಲು ಹೊತ್ತು ಬೇಕು. ಕೈಗಡಿಯಾರ ಸರಿಪಡಿಸಿಕೊಳ್ಳುವವರಿಗೆ ಹಳೆಯ ಎಫ್.ಎಂ. ಸೆಟ್ಟೇ ವಾಸಿ.