ಚಳಿಗೆ ಹುರುಳಿಕಟ್ಟಿನ ಸಾರು

ಪುಷ್ಯಮಾಸ ಕಾಲಿಟ್ಟಿತೆಂದರೆ ತಾಳವಾಡಿ ಸೀಮೆಯಲ್ಲಿ ಮಕ್ಕಳು ಮಂಜಿನ ನಡುವೆಯೇ ಶಾಲೆಗೆ ಹೊರಡುತ್ತಾರೆ. ಅವರಿಗೆ ಬಿಸಿಯಾಗಿ ಕುಡಿಯಲು ಏನು ಕೊಡೋಣ ಎಂಬುದು ಮನೆಮನೆಯ ಪ್ರಶ್ನೆ. ಅಂಗಡಿಯ ಸೂಪಿನ ಪೊಟ್ಟಣವನ್ನು ಬಿಸಿನೀರಿಗೆ ಸುರಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೂ ಹುರುಳಿಕಟ್ಟಿನ ಸಾರಿಗೆ ಅದು ಸಮವಾಗದು. ಇದಕ್ಕೆ ಕಾರಣ ರುಚಿಯೊಂದೇ ಅಲ್ಲ.

ಹುರುಳಿ ಅಲ್ಪ ಮಳೆಯಲ್ಲಿಯೂ, ಸಾರವಿಲ್ಲದ ಕಲ್ಲುಭೂಮಿಯಲ್ಲಿಯೂ ಬರುವ ಬೆಳೆ. ಬೇರಿನ ಗಂಟುಗಳ ಮೂಲಕ ನೆಲಕ್ಕೆ ಸಾರಜನಕವನ್ನೂ ಕೂಡಿಸುತ್ತದೆ. ನೂರು ಗ್ರಾಂ ಕಾಳಿನಲ್ಲಿ ಸುಮಾರು ೨೨ ಗ್ರಾಂ ಪ್ರೋಟೀನ್ ಇದೆ. ದಿಂಬಂ ಘಟ್ಟದ ೨೭ ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋದರೆ ಇದೇ ಕಾಳು ‘ಕೊಳ್ಳು’, ಇದರ ಸಾರು ‘ಕೊಳ್ಳು ರಸಂ’. ಸೊರಗಿದವನಿಗೆ ಎಳ್ಳು, ಕೊಬ್ಬಿದವನಿಗೆ ಹುರುಳಿ ಎಂಬ ಅರ್ಥದ ಗಾದೆಯೂ ತಮಿಳಿನಲ್ಲಿದೆ. ಹೀಗೆ ಘಟ್ಟದ ಮೇಲೂ ಕೆಳಗೂ ಇದು ನೆಚ್ಚಿನ ಕಾಳೇ.

ನಾಲ್ವರಿಗೆ ೨೦೦ ಗ್ರಾಂ ಹುರುಳಿ ಸಾಕು. ಮೊದಲು ಮೊರದಲ್ಲಿ ಕೇರಿ, ಬಳಿಕ ನೀರಿನಲ್ಲಿ ಜಾಲಿಸಬೇಕು; ಕಾಳಿನ ಬಣ್ಣದ್ದೇ ಸಣ್ಣ ಕಲ್ಲುಗಳು ಇದರಲ್ಲಿ ಅಡಗಿರುತ್ತವೆ. ರಾತ್ರಿಯಿಡೀ ನೆನೆಸಿ, ಮರುದಿನ ಒಂದೂವರೆ ಲೀಟರು ನೀರಿನೊಡನೆ ಮೆತ್ತಗೆ ಬೇಯಿಸಿರಿ. ಬೆಂದುದನ್ನು ಬಸಿದಾಗ ಇಳಿಯುವ ಕಂದುಬಣ್ಣದ ರಸವೇ ಕಟ್ಟು. ಉಳಿದ ಕಾಳು ಪಲ್ಯಕ್ಕಾಯಿತು. ಆರು ಒಣಮೆಣಸಿನಕಾಯಿ, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧರ್ಧ ಚಮಚ ಜೀರಿಗೆ ಮತ್ತು ಕಾಳುಮೆಣಸುಗಳನ್ನು ಹುರಿದು, ಕೆಂಡದಲ್ಲಿ ಸುಟ್ಟ ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆಹಣ್ಣು, ಎರಡು ಹಿಡಿ ಬೆಂದ ಕಾಳು ಸೇರಿಸಿ ನುಣ್ಣಗೆ ಅರೆಯಿರಿ. ಇದನ್ನು ಕಟ್ಟಿಗೆ ಬೆರೆಸಿ, ಉಪ್ಪು ಹಾಕಿ ಕುದಿಸಿ, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಗಳಿಂದ ಒಗ್ಗರಿಸಿರಿ. ದೊಡ್ಡವರಿಗೆ ರಾಗಿಮುದ್ದೆಯ ಜೊತೆಗೆ ಬಡಿಸಿರಿ. ಮಕ್ಕಳಿಗೆ ಖಾರ ತಗ್ಗಿಸಿ ಲೋಟದಲ್ಲಿ ಕೊಡಿರಿ. ನೆಗಡಿಯಾದಾಗ ಇದು ಹಿತವೆನಿಸುತ್ತದೆ. ಜ್ವರ ಬಿಡದಿದ್ದರೆ ಮಾತ್ರ ವೈದ್ಯರಲ್ಲಿಗೆ ಹೋಗಲೇಬೇಕು.

ಈ ಅಡಿಗೆಯಲ್ಲಿ ಎಷ್ಟು ಕ್ರಿಯಾಪದಗಳು ಬಂದವೆಂಬುದನ್ನು ಗಮನಿಸಿರಿ: ಕೇರು, ಜಾಲಿಸು, ನೆನೆಸು, ಬಸಿ, ಹುರಿ, ಅರೆ, ಜಜ್ಜು, ಒಗ್ಗರಿಸು. ಬಸ್ಸಾರು ಎಂಬ ಹೆಸರು ಹುಟ್ಟಿದ್ದೂ ಬಸಿಯುವುದರಿಂದಲೇ. ಪೊಟ್ಟಣದ ಸೂಪಿಗೆ ‘ಮಿಕ್ಸ್ ಮಾಡು’ ಎಂಬ ಒಂದೇ ಮಾತು ಸಾಕು.

೨೦೦೬ರ ತಮಿಳು ಕಲಿಕೆ ಕಾಯಿದೆಯು ಈ ರಾಜ್ಯದ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯ ಪಾಠವಾಗಿಸಿತು. ಇಲ್ಲಿ ಬಾಳುವವರಿಗೆ ತಮಿಳು ಬೇಕು, ಅದನ್ನು ಚೆನ್ನಾಗಿಯೇ ಕಲಿಯಲಿ. ಆದರೆ ಮೂರು ಭಾಷೆಗಳ ಹೊರೆ ಹೊತ್ತ ಮಗುವಿಗೆ ಕನ್ನಡವು ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುವ ಅಪಾಯವಿದೆ. ಸಂಧಿ, ಸಮಾಸಗಳನ್ನು ಗುರುಗಳು ಕಲಿಸಬಲ್ಲರು. ಕೇರುವುದಕ್ಕೂ ಜಾಲಿಸುವುದಕ್ಕೂ ಇರುವ ಅಂತರವನ್ನು ತಿಳಿಸಲು ಮೊರ ಬೇಕು, ನೀರು ಬೇಕು, ಬಳಿಯಲ್ಲಿ ಒಬ್ಬ ಅಜ್ಜಿ ಬೇಕು. ಮನೆಯವರು ಕೊಡದ ಈ ಮಾತುಗಳನ್ನು ಯಾವ ಶಾಲೆಯೂ ಕೊಡಲಾರದು.

ಆದ್ದರಿಂದ ಪಾಲಕರಲ್ಲಿ ಒಂದು ಕೋರಿಕೆ. ಈ ಶನಿವಾರ ಸಾರು ಮಾಡುವಾಗ ಹುಡುಗನಾಗಲಿ, ಹುಡುಗಿಯಾಗಲಿ, ಮಗುವಿಗೂ ಒಂದು ಕೆಲಸ ಒಪ್ಪಿಸಿರಿ. ಉಂಡ ಮೇಲೆ, ಸಾರು ಮಾಡಿದ ಬಗೆಯನ್ನು ಹತ್ತು ಸಾಲುಗಳಲ್ಲಿ ಬರೆಯಲು ಹೇಳಿರಿ. ಬರೆದುದನ್ನು ಅಜ್ಜಿಗೆ ಓದಿ ಹೇಳಲಿ. ತಪ್ಪಿದ್ದಲ್ಲಿ ಅವರೇ ತಿದ್ದುತ್ತಾರೆ. ಕಾಳನ್ನು ಮಾತ್ರ ಶುಕ್ರವಾರ ರಾತ್ರಿಯೇ ನೆನೆಹಾಕಲು ಮರೆಯದಿರಿ.