ಒಪ್ಪುತ್ತೀರಿ ತಾನೇ?

ನಾನು ಈ ಊರಿಗೆ ಬಂದಾಗ ಇದಿನ್ನೂ ಮದ್ರಾಸು. 1996ರಲ್ಲಿ ಚೆನ್ನೈ ಅಂತಾಯಿತು. ಊರಿನ ಹೆಸರು ಬದಲಾದರೂ ನಾನು ಮಾತ್ರ ಬದಲಾಗಲಿಲ್ಲ ಅಂದುಕೊಂಡಿದ್ದೆ. ಮೊನ್ನೆ ಯಾವುದೋ ಸರ್ವೆ ಅಂತ ಒಬ್ಬ ಹುಡುಗ ಫಾರಂ ಹಿಡಿದು ಬಂದ. ಹೆಸರು, ವಯಸ್ಸು ಬರೆದುಕೊಂಡವನು ತಲೆ ಎತ್ತದೆಯೇ "ವೀಟ್ಲ ತಮಿಳ್ ದಾನೇ ಸಾರ್?" ಅಂದ. ನಾನು "ಆಮಾ" ಅಂದುಬಿಟ್ಟೆ! ಅವನು ಹೋದ ಮೇಲೆ ಅಡುಗೆಮನೆಯಿಂದ ನನ್ನವಳು, "ಏನ್ರೀ, ಇಷ್ಟು ವರ್ಷ ನಿಮ್ಮನ್ನ ಬೈದಿದ್ದೆಲ್ಲ ತಮಿಳಲ್ಲಾ?" ಅಂದಳು.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಕಿತಾಪತಿಯೆಲ್ಲ ಆ "ದಾನೇ"ಯಲ್ಲಿದೆ, ನಮ್ಮ "ತಾನೇ", "ಅಲ್ವಾ" ಇದ್ದ ಹಾಗೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಬಡಿಸಿದರೆ ಬೇಡ ಅನ್ನೋದಕ್ಕೆ ದಾಕ್ಷಿಣ್ಯ. "ಮನೆಯಲ್ಲಿ ಯಾವ ಭಾಷೆ?" ಅಂದಿದ್ದರೆ ಮುಗಿದಿತ್ತು.

ಈ ವಿಷಯದಲ್ಲಿ ನಮ್ಮ ಜನಗಣತಿಯನ್ನು ಮೆಚ್ಚಬೇಕು. 2011ರ ಪಟ್ಟಿಯ 10ನೇ ಪ್ರಶ್ನೆ ಬರೀ "ಮಾತೃಭಾಷೆ". ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ಭಾಷೆ ಯಾವುದು ಅನ್ನೋದಷ್ಟೇ ಅದರ ಅರ್ಥ. ಈಗ ಯಾವ ಊರಲ್ಲಿದ್ದೀರಿ, ಯಾವ ಭಾಷೆಯಲ್ಲಿ ತರಕಾರಿ ಚೌಕಾಸಿ ಮಾಡ್ತೀರಿ ಅಂತಲ್ಲ. ಗೊತ್ತಿರುವ ಬೇರೆ ಭಾಷೆಗಳಿಗೆ 11ನೇ ಪ್ರಶ್ನೆ ಬೇರೆಯಾಗಿಯೇ ಇತ್ತು. ಅಂದರೆ ಕನ್ನಡ ಅನ್ನೋದಕ್ಕೆ ತಮಿಳನ್ನು ಬಿಟ್ಟುಕೊಡಬೇಕಾಗಿರಲಿಲ್ಲ.

ಒಂದೆರಡು ಪದಕ್ಕೆ ಇಷ್ಟೆಲ್ಲ ಯಾಕೆ ಅಂತೀರಾ? ಸ್ಕಾಟ್ಲೆಂಡಿನ 2014ರ ಜನಮತಗಣನೆಗೆ ಅಲ್ಲಿನ ಸರ್ಕಾರ ಮೊದಲು ಬರೆದಿದ್ದ ಪ್ರಶ್ನೆ, "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ಒಪ್ಪುತ್ತೀರಾ?" ಚುನಾವಣಾ ಆಯೋಗ ಪರೀಕ್ಷೆ ಮಾಡಿ, "ಒಪ್ಪುತ್ತೀರಾ" ಅನ್ನೋದು ಜನರನ್ನು 'ಹೌದು' ಕಡೆಗೆ ತಳ್ಳಬಹುದು ಅಂದಿತು. ಕೊನೆಗೆ ಮತಪತ್ರದಲ್ಲಿ ಬಂದದ್ದು, "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?"

ಈಗ ನನ್ನ ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ಬಳಗದಲ್ಲಿ ಮಕ್ಕಳಿಗೆ ಭಾನುವಾರದ ತರಗತಿ ಶುರು ಮಾಡೋಣ ಅಂತ ನಾನೇ ಒಂದು ಪ್ರಶ್ನೆ ಬರೆದು ಹಂಚಿದ್ದೆ: "ಮಕ್ಕಳಿಗೆ ಕನ್ನಡ ಕಲಿಸುವುದು ನಮ್ಮ ಕರ್ತವ್ಯ ಎಂದು ಒಪ್ಪುತ್ತೀರಾ?" ಇಲ್ಲ ಅಂತ ಬರೆಯೋ ಧೈರ್ಯ ಯಾರಿಗಿದೆ? ಎಲ್ಲರೂ ಹೌದು ಅಂದರು. ಜಮಖಾನ ಹಾಸಿ ಕೂತೆ. ಬಂದದ್ದು ನಾಲ್ಕು ಮಕ್ಕಳು, ಅದರಲ್ಲಿ ಒಂದು ನಮ್ಮದೇ! "ಭಾನುವಾರ ಬೆಳಿಗ್ಗೆ ನಿಮ್ಮ ಮಗು ಏನು ಮಾಡುತ್ತೆ?" ಅಂತ ಕೇಳಿದ್ದರೆ ಟ್ಯೂಷನ್, ಕ್ರಿಕೆಟ್, ನಿದ್ದೆ ಅಂತ ನಿಜ ಹೊರಬರುತ್ತಿತ್ತು. ತರಗತಿಯನ್ನು ಬೇರೆ ದಿನ ಇಡಬಹುದಿತ್ತು. ನನಗೆ ಬೇಕಿದ್ದದ್ದು ಉತ್ತರವಲ್ಲ, ಚಪ್ಪಾಳೆ. ಚಪ್ಪಾಳೆಯೇ ಸಿಕ್ಕಿತು.

ಅಲ್ಲಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪ್ರಶ್ನೆ ಓದಿದ ಕೂಡಲೇ ಕೇಳಿದವನಿಗೆ ಯಾವ ಉತ್ತರ ಬೇಕು ಅಂತ ಗೊತ್ತಾದರೆ, ಅದು ವಾಲಿದ ಪ್ರಶ್ನೆ. 'ಇಲ್ಲ' ಅನ್ನೋನಿಗೆ ನಾಚಿಕೆಯಾಗುವಂತಿದ್ದರೂ ಅಷ್ಟೇ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅಂತ ಆಧಾರ ದಿನ ಗೊತ್ತಾಗಿದೆ. ಹೊರನಾಡಿನಲ್ಲಿ ನಾವು ಎಷ್ಟು ಮಂದಿ ಅನ್ನೋ ಲೆಕ್ಕ ನಾವು ಹೇಳುವ ಒಂದು ಪದದಿಂದಲೇ ಹುಟ್ಟುವುದು. ಫಾರಂನಲ್ಲಿರೋ ಪ್ರಶ್ನೆ ನೆಟ್ಟಗಿದ್ದರೆ ಸಾಲದು, ಬಾಗಿಲಲ್ಲಿ ಕೇಳುವ, ಹೇಳುವ ಬಾಯಿಗಳೂ ನೆಟ್ಟಗಿರಬೇಕು. ಈ ಸಲ ಯಾರೇ ಬರಲಿ, ಹೇಗೇ ಕೇಳಲಿ, ಅಮ್ಮ ನನ್ನನ್ನು ಊಟಕ್ಕೆ ಕರೆಯುತ್ತಿದ್ದ ಭಾಷೆಯ ಹೆಸರನ್ನೇ ಹೇಳುತ್ತೇನೆ. ನೀವೇನು ಹೇಳ್ತೀರಿ?

(ನೋಡಿ, "ನೀವೂ ಅದನ್ನೇ ಹೇಳ್ತೀರಿ ತಾನೇ?" ಅಂತ ಕೇಳಲಿಲ್ಲ!)